ಆರೋಗ್ಯ ಸಂಶೋಧನೆಯಲ್ಲಿ ಜನರ ಪಾಲು: ಆಫ್ರಿಕಾ ಕಲಿಸುವ ಪಾಠ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಈಗಷ್ಟೇ ಪ್ರತಿಭಾ ಪುರಸ್ಕಾರ ಪಡೆದ ಮಕ್ಕಳ ಪಟ್ಟಿಯನ್ನು ಕೇಳುತ್ತಿದ್ದೆ. ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಜೈವಿಕ ತಂತ್ರಜ್ಞಾನ ಓದುತ್ತಿರುವವರು ಅದರಲ್ಲಿ ಬಹಳ ಮಂದಿ ಇದ್ದಾರೆ. ಅದರಲ್ಲೂ ಹೆಣ್ಣುಮಕ್ಕಳ ಹೆಸರು ಹೆಚ್ಚಾಗಿ ಕೇಳಿಬಂದದ್ದು ಸಂತೋಷದ ವಿಷಯ. ಇವರಲ್ಲಿ ಕೆಲವರಾದರೂ ನಾಳೆ ಹೊಸ ಔಷಧವನ್ನೋ ಲಸಿಕೆಯನ್ನೋ ಪರೀಕ್ಷಿಸುವ ಕೆಲಸದಲ್ಲಿ ತೊಡಗುತ್ತಾರೆ. ಆದ್ದರಿಂದ ಇಂದು ಪರೀಕ್ಷೆಯ ಪುಸ್ತಕದಲ್ಲಿ ಒಂದೆರಡು ಸಾಲಿನಲ್ಲಿ ಮುಗಿದುಹೋಗುವ, ಆದರೆ ನಿಜಜೀವನದಲ್ಲಿ ಸಾವಿರಾರು ಮಕ್ಕಳ ಸಾವು ಬದುಕನ್ನು ನಿರ್ಧರಿಸಿದ ಒಂದು ವಿಷಯದ ಬಗ್ಗೆ ಮಾತನಾಡಬೇಕೆಂದುಕೊಂಡಿದ್ದೇನೆ. ಆರೋಗ್ಯ ಸಂಶೋಧನೆಯಲ್ಲಿ ಜನಸಮುದಾಯದ ಪಾತ್ರವೇನು ಎಂಬುದೇ ಆ ವಿಷಯ.

ಒಂದು ಔಷಧ ಹೇಗೆ ಹುಟ್ಟುತ್ತದೆ ಎಂದು ಯೋಚಿಸಿ. ಮೊದಲು ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ, ನಂತರ ಪ್ರಾಣಿಗಳ ಮೇಲೆ ಅದರ ಪರೀಕ್ಷೆ ನಡೆಯುತ್ತದೆ. ಅಲ್ಲಿಯವರೆಗೆ ವಿಜ್ಞಾನಿ ತನ್ನ ಬುದ್ಧಿ ಮತ್ತು ಹಣದ ಬಲದಿಂದ ಮುಂದೆ ಹೋಗಬಹುದು. ಆಮೇಲೆ ಒಂದು ಹಂತ ಬರುತ್ತದೆ. ಅಲ್ಲಿ ಅವನು ಮನುಷ್ಯರ ಬಳಿಗೆ ಹೋಗಿ, ‘ನಿಮ್ಮ ತೋಳು ಕೊಡಿ, ನಿಮ್ಮ ರಕ್ತ ಕೊಡಿ, ನಿಮ್ಮ ಮಗುವನ್ನು ಕೊಡಿ’ ಎಂದು ಕೇಳಲೇಬೇಕು. ಹೇಗೆ ಕೇಳುತ್ತಾನೆ, ಯಾರನ್ನು ಕೇಳುತ್ತಾನೆ, ‘ಬೇಡ’ ಎಂದರೆ ಏನು ಮಾಡುತ್ತಾನೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಇದು ಬರೀ ಸೌಜನ್ಯದ ಮಾತು ಎಂದು ಬಹಳ ಕಾಲ ತಿಳಿಯಲಾಗಿತ್ತು. ಹಾಗಲ್ಲ, ಇದು ವಿಜ್ಞಾನದ ಒಂದು ಭಾಗವೇ ಎಂದು ತೋರಿಸಿಕೊಟ್ಟದ್ದು ಆಫ್ರಿಕಾ ಖಂಡ. ಒಂದೇ ವರ್ಷ, ಒಂದೇ ರೋಗದಿಂದ ಆರಂಭವಾದ ಎರಡು ಕಥೆಗಳ ಮೂಲಕ ಅದನ್ನು ಹೇಳುತ್ತೇನೆ.

ಆ ವರ್ಷ 1996. ರೋಗ ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಗೆ ತಗಲುವ ಸೋಂಕು. ಸಹಾರಾ ಮರುಭೂಮಿಯ ಕೆಳಗೆ, ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಇಥಿಯೋಪಿಯಾದವರೆಗೆ ಒಂದು ಪಟ್ಟಿಯಂತೆ ಹಬ್ಬಿರುವ ದೇಶಗಳನ್ನು ‘ಮೆನಿಂಜೈಟಿಸ್ ಪಟ್ಟಿ’ ಎಂದೇ ಕರೆಯುತ್ತಾರೆ. ಒಣಹವೆ ಮತ್ತು ಧೂಳುಗಾಳಿಯ ತಿಂಗಳುಗಳಲ್ಲಿ ಅಲ್ಲಿ ಈ ರೋಗ ಏಳುತ್ತದೆ. ಬೆಳಿಗ್ಗೆ ಆಡುತ್ತಿದ್ದ ಮಗು ಮರುದಿನ ಇಲ್ಲವಾಗಬಹುದು. ಬದುಕಿದರೂ ಕಿವುಡಾಗಬಹುದು, ಅಂಗವಿಕಲವಾಗಬಹುದು. 1996ರಲ್ಲಿ ಈ ಪಟ್ಟಿಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ರೋಗ ತಗಲಿತು. ಸುಮಾರು 25,000 ಮಂದಿ ಸತ್ತರು. ಇದು ಚರಿತ್ರೆಯಲ್ಲಿ ದಾಖಲಾದ ಅತಿ ದೊಡ್ಡ ಮೆನಿಂಜೈಟಿಸ್ ಪಿಡುಗು.

ಮೊದಲನೆಯ ಕಥೆ ಉತ್ತರ ನೈಜೀರಿಯದ ಕಾನೋ ನಗರದ್ದು. ಕಾನೋ ಹೌಸಾ ಭಾಷೆಯನ್ನಾಡುವ, ಶತಮಾನಗಳ ವ್ಯಾಪಾರ ಮತ್ತು ವಿದ್ವತ್ತಿನ ಪರಂಪರೆಯುಳ್ಳ ಮುಸ್ಲಿಂ ನಗರ. ಅಲ್ಲಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ಮಕ್ಕಳು ತುಂಬಿಹೋಗಿದ್ದರು. ‘ಗಡಿಗಳಿಲ್ಲದ ವೈದ್ಯರು’ ಎಂಬ ಸೇವಾ ಸಂಸ್ಥೆಯವರು ಅಲ್ಲಿ ಗೊತ್ತಿದ್ದ ಔಷಧದಿಂದಲೇ ಚಿಕಿತ್ಸೆ ನೀಡುತ್ತಿದ್ದರು. ಅದೇ ಆಸ್ಪತ್ರೆಗೆ ಫೈಜರ್ ಕಂಪನಿಯ ತಂಡವೂ ಬಂತು. ಟ್ರೊವಾನ್ ಎಂಬ ಹೊಸ ಔಷಧವನ್ನು 100 ಮಕ್ಕಳಿಗೂ, ಹೋಲಿಕೆಗಾಗಿ ಬಳಕೆಯಲ್ಲಿದ್ದ ಬೇರೊಂದು ಔಷಧವನ್ನು ಇನ್ನು 100 ಮಕ್ಕಳಿಗೂ ಕೊಟ್ಟಿತು. ಹನ್ನೊಂದು ಮಕ್ಕಳು ತೀರಿಕೊಂಡರು. ಐವರು ಹೊಸ ಔಷಧ ಪಡೆದವರು, ಆರು ಮಂದಿ ಹಳೆಯದನ್ನು ಪಡೆದವರು.

ಈ ಅಂಕಿಗಳನ್ನು ನ್ಯಾಯವಾಗಿ ನೋಡಬೇಕು. ಅಷ್ಟು ಭಯಾನಕ ಪಿಡುಗಿನಲ್ಲಿ ಯಾವ ಔಷಧ ಕೊಟ್ಟರೂ ಕೆಲವು ಮಕ್ಕಳು ಉಳಿಯುವುದಿಲ್ಲ. ಆದುದರಿಂದ ಕಾನೋದ ಪೋಷಕರ ಮುಖ್ಯ ಪ್ರಶ್ನೆ ಬೇರೆಯಾಗಿತ್ತು. ‘ನಮ್ಮ ಮಗುವಿಗೆ ಕೊಡುತ್ತಿರುವುದು ಪರೀಕ್ಷೆಯ ಹಂತದಲ್ಲಿರುವ ಔಷಧ ಎಂದು ನಮಗೆ ಹೇಳಿದ್ದಿರಾ? ಬೇಡವೆಂದರೆ ಪಕ್ಕದ ಕೊಠಡಿಯಲ್ಲೇ ಬೇರೆ ಚಿಕಿತ್ಸೆ ಇದೆ ಎಂದು ತಿಳಿಸಿದ್ದಿರಾ?’ ಎಂದು ಅವರು ಕೇಳಿದರು. ಬಾಯಿಮಾತಿನ ಒಪ್ಪಿಗೆ ಪಡೆದಿದ್ದೆವು, ತಪ್ಪೇನೂ ಮಾಡಿಲ್ಲ ಎಂದು ಕಂಪನಿ ಹೇಳಿತು. ನಮಗೆ ಯಾರೂ ಹೇಳಿರಲಿಲ್ಲ ಎಂದು ಪೋಷಕರು ಹೇಳಿದರು. 2000ದ ಡಿಸೆಂಬರ್‌ನಲ್ಲಿ ಅಮೆರಿಕದ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ ಇದನ್ನು ಬೆಳಕಿಗೆ ತಂದಿತು. ಮೊಕದ್ದಮೆಗಳು ವರ್ಷಗಟ್ಟಲೆ ನಡೆದವು. ಕೊನೆಗೆ 2009ರಲ್ಲಿ ಕಂಪನಿ ತಪ್ಪೊಪ್ಪಿಕೊಳ್ಳದೆಯೇ ಕಾನೋ ರಾಜ್ಯದೊಂದಿಗೆ ಏಳೂವರೆ ಕೋಟಿ ಡಾಲರಿನ ರಾಜಿ ಮಾಡಿಕೊಂಡಿತು.

ಹಣದಿಂದ ಮೊಕದ್ದಮೆ ಮುಗಿಯಿತು, ಆದರೆ ಅಷ್ಟರಲ್ಲಿ ಬೇರೊಂದು ನಷ್ಟ ಆಗಿಹೋಗಿತ್ತು. 2003ರಲ್ಲಿ ಪೋಲಿಯೋ ಹನಿ ಹಾಕುವ ತಂಡಗಳು ಉತ್ತರ ನೈಜೀರಿಯಕ್ಕೆ ಬಂದಾಗ, ಅದರಲ್ಲಿ ಸಂತಾನಶಕ್ತಿ ಕುಂದಿಸುವ ಪದಾರ್ಥವಿದೆ, ಏಡ್ಸ್ ವೈರಾಣು ಇದೆ ಎಂಬ ಸುದ್ದಿ ಹಬ್ಬಿತು. ಅದು ಸುಳ್ಳು. ಆದರೆ ಸುಳ್ಳನ್ನು ನಂಬಲು ಜನರ ಬಳಿ ಒಂದು ನಿಜವಾದ ನೆನಪಿತ್ತು. ಅದು 1996ರ ಆಸ್ಪತ್ರೆಯ ನೆನಪು. ಇನ್ನೊಂದು ಪ್ರಶ್ನೆಯೂ ಅವರನ್ನು ಕಾಡುತ್ತಿತ್ತು. ಮಲೇರಿಯಾದಿಂದ, ದಡಾರದಿಂದ ಮಕ್ಕಳು ಸಾಯುವಾಗ ಮಾತ್ರೆ ಕೊಡಲು ಬಾರದವರು, ನಾವು ಕೇಳದ ಈ ಹನಿಯನ್ನು ಮಾತ್ರ ಪದೇಪದೇ ಮನೆಬಾಗಿಲಿಗೆ ಪುಕ್ಕಟೆಯಾಗಿ ತರುವುದೇಕೆ? ಇದು ಮೂಢನಂಬಿಕೆಯ ಪ್ರಶ್ನೆಯಲ್ಲ, ಸಂಸಾರ ನಡೆಸುವ ಯಾವ ತಂದೆತಾಯಿಗೂ ಹೊಳೆಯುವ ಪ್ರಶ್ನೆ. ಅದಕ್ಕೆ ಉತ್ತರಿಸಲು ಯಾರೂ ಕುಳಿತು ಮಾತನಾಡಿರಲಿಲ್ಲ.

ಕೆಲವು ರಾಜ್ಯಗಳು ಪೋಲಿಯೋ ಲಸಿಕೆಯನ್ನು ನಿಲ್ಲಿಸಿದವು. ಬೇರೆಡೆ ಬೇಗ ಆರಂಭವಾದರೂ ಕಾನೋದಲ್ಲಿ 2004ರ ಜುಲೈವರೆಗೆ ನಿಂತೇ ಇತ್ತು. ಅಲ್ಲಿಂದ ಹೊರಟ ವೈರಾಣು ಸುಮಾರು ಇಪ್ಪತ್ತು ದೇಶಗಳನ್ನು ಮುಟ್ಟಿತು. ಹತ್ತು ವರ್ಷಗಳಿಂದ ಪೋಲಿಯೋ ಇಲ್ಲದಿದ್ದ ಇಂಡೋನೇಷ್ಯದಲ್ಲಿ 2005ರಲ್ಲಿ ಮಕ್ಕಳ ಕಾಲು ಮತ್ತೆ ಸೊರಗಿದವು. ಒಂದು ಊರಿನಲ್ಲಿ ಮುರಿದ ವಿಶ್ವಾಸಕ್ಕೆ ಸಮುದ್ರದಾಚೆಯ, ಕಾನೋದ ಹೆಸರನ್ನೇ ಕೇಳದ ಮಗು ಬೆಲೆ ತೆತ್ತಿತು. ಲಸಿಕೆಯನ್ನು ತಡೆದವರ ತಪ್ಪನ್ನು ನಾನು ಮುಚ್ಚಿಡುವುದಿಲ್ಲ. ಸಂಶಯ ಬಂದಾಗ ಪರೀಕ್ಷಿಸಿ ತಿಳಿಯುವುದು ಬಲ್ಲವರ ಹೊಣೆ. ಪರೀಕ್ಷಿಸದೆ ಸುದ್ದಿ ಹಬ್ಬಿಸಿದ್ದಕ್ಕೆ ಪುಟ್ಟ ಮಕ್ಕಳು ದಂಡ ಕಟ್ಟಬೇಕಾಯಿತು.

ಮುರಿದದ್ದನ್ನು ಜೋಡಿಸಿದ್ದು ಹೇಗೆ? ಆದೇಶದಿಂದ ಆಗಲಿಲ್ಲ. ಮುಸ್ಲಿಂ ಬಹುಸಂಖ್ಯಾತ ದೇಶವಾದ ಇಂಡೋನೇಷ್ಯದಲ್ಲಿ ತಯಾರಾದ ಲಸಿಕೆಯನ್ನು ಆರಿಸಿದ ಮೇಲೆ ಕಾನೋ ಒಪ್ಪಿತು. 2009ರಲ್ಲಿ ಸೊಕೊಟೊದ ಸುಲ್ತಾನರ ಮುಂದಾಳ್ತನದಲ್ಲಿ ಉತ್ತರದ ಸಾಂಪ್ರದಾಯಿಕ ಮುಖಂಡರ ಆರೋಗ್ಯ ಸಮಿತಿ ರಚನೆಯಾಯಿತು. ಅಮೀರರು, ಊರ ಮುಖ್ಯಸ್ಥರು, ಇಮಾಮರು ಮಕ್ಕಳ ಲೆಕ್ಕವನ್ನು ತಾವೇ ಕೇಳತೊಡಗಿದರು. 1985ರಲ್ಲಿ ಸ್ಥಾಪನೆಯಾದ ನೈಜೀರಿಯದ ಮುಸ್ಲಿಂ ಮಹಿಳಾ ಸಂಘಗಳ ಒಕ್ಕೂಟ ಮನೆಮನೆಗೆ ಹೋಯಿತು. 2012ರಿಂದ ಆಯಾ ಊರಿನ ಹೆಂಗಸರನ್ನೇ ಸ್ವಯಂಸೇವಕಿಯರಾಗಿ ನೇಮಿಸಲಾಯಿತು. ಪರಗಂಡಸರು ಕಾಲಿಡಲಾಗದ ಅಂಗಳಕ್ಕೆ ಅವರು ಹೋಗಬಲ್ಲವರಾಗಿದ್ದರು. ಆ ಮನೆಯ ಬಾಣಂತಿಯ ಕಷ್ಟವೂ, ಮಗುವಿನ ಜ್ವರವೂ ಅವರಿಗೆ ಗೊತ್ತಿತ್ತು. ಈ ಕೆಲಸ ಸುಲಭದ್ದಾಗಿರಲಿಲ್ಲ. 2013ರ ಫೆಬ್ರವರಿಯಲ್ಲಿ ಕಾನೋದಲ್ಲಿ ಕನಿಷ್ಠ ಒಂಬತ್ತು ಮಂದಿ ಲಸಿಕೆ ಹಾಕುವ ಮಹಿಳೆಯರು ಬಂದೂಕುಧಾರಿಗಳ ಗುಂಡಿಗೆ ಬಲಿಯಾದರು. ಆದರೂ ಉಳಿದವರು ಕೆಲಸ ಬಿಡಲಿಲ್ಲ. 2020ರ ಆಗಸ್ಟ್ 25ರಂದು, ಆಫ್ರಿಕಾ ವಲಯ ಅಲ್ಲಿನ ಕಾಡು ಪೋಲಿಯೋ ವೈರಾಣುವಿನಿಂದ ಮುಕ್ತವಾಗಿದೆ ಎಂದು ಘೋಷಿಸಲಾಯಿತು. ಆಮೇಲೆ ಮಲಾವಿ ಮತ್ತು ಮೊಜಾಂಬಿಕ್‌ನಲ್ಲಿ ಕಂಡ ಪ್ರಕರಣಗಳು ಖಂಡದ ಹೊರಗಿನಿಂದ ಬಂದ ವೈರಾಣುವಿನವು. ಆ ಘೋಷಣೆಯ ಹಿಂದೆ ಇಂಥ ಹೆಂಗಸರ ಕಾಲ್ನಡಿಗೆ ಇದೆ ಎಂಬುದನ್ನು ನಮ್ಮ ವಿದ್ಯಾರ್ಥಿನಿಯರು ನೆನಪಿಡಬೇಕು.

ಇನ್ನು ಎರಡನೆಯ ಕಥೆ. ಅದೇ 1996ರ ಪಿಡುಗಿನ ನಂತರ ಆಫ್ರಿಕಾದ ಆರೋಗ್ಯ ಸಚಿವರು ಜಗತ್ತಿನ ಮುಂದೆ ಒಂದು ಬೇಡಿಕೆ ಇಟ್ಟರು. ಪ್ರತಿಸಲ ಪಿಡುಗು ಬಂದ ಮೇಲೆ ಓಡಿಬರುವುದು ಬೇಡ. ಪಿಡುಗೇ ಬಾರದಂತೆ ತಡೆಯುವ ಲಸಿಕೆ ಕೊಡಿ, ಅದು ನಮ್ಮ ಕೈಗೆಟಕುವ ಬೆಲೆಯದ್ದಾಗಿರಲಿ ಎಂದರು. ಗಮನಿಸಿ, ಇಲ್ಲಿ ಸಂಶೋಧನೆ ಆರಂಭವಾದದ್ದೇ ಅಲ್ಲಿನವರ ಮಾತಿನಿಂದ. 2001ರಲ್ಲಿ ಇದಕ್ಕಾಗಿ ಒಂದು ಯೋಜನೆ ಹುಟ್ಟಿತು. ಒಂದು ಡೋಸಿನ ಬೆಲೆ ಅರ್ಧ ಡಾಲರಿಗಿಂತ ಹೆಚ್ಚಾಗಬಾರದು ಎಂಬ ಷರತ್ತನ್ನು ಮೊದಲೇ ಹಾಕಿಕೊಳ್ಳಲಾಯಿತು. ಆ ಬೆಲೆಗೆ ಲಸಿಕೆ ತಯಾರಿಸಲು ಮುಂದೆ ಬಂದದ್ದು ನಮ್ಮ ದೇಶದ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್. ‘ಮೆನ್‌ಆಫ್ರಿವ್ಯಾಕ್’ ಎಂಬುದು ಆ ಲಸಿಕೆಯ ಹೆಸರು.

ಮಕ್ಕಳ ಮೇಲಿನ ಮುಖ್ಯ ಪ್ರಯೋಗ 2006ರಲ್ಲಿ ಪಶ್ಚಿಮ ಆಫ್ರಿಕಾದ ಎರಡು ದೇಶಗಳಲ್ಲಿ, ಮಾಲಿಯ ಬಮಾಕೊ ಮತ್ತು ಗ್ಯಾಂಬಿಯಾದ ಬಾಸ್ಸೆಯಲ್ಲಿ, ಆರಂಭವಾಯಿತು. ಒಂದರಿಂದ ಎರಡು ವರ್ಷದೊಳಗಿನ ಸುಮಾರು 600 ಮಕ್ಕಳು ಅದರಲ್ಲಿದ್ದರು. ಹತ್ತು ವರ್ಷಗಳ ಹಿಂದೆ ಕಾನೋದಲ್ಲಿ ಕೇಳಿದ್ದನ್ನೇ ಇಲ್ಲಿಯೂ ಕೇಳಬೇಕಿತ್ತು. ರೋಗ ಅದೇ, ಧರ್ಮ ಅದೇ, ಬಡತನ ಅದೇ. ಆದರೆ ಮಾಲಿಯಲ್ಲಿ ಕೇಳುವ ವಿಧಾನವನ್ನು ರೂಪಿಸಿದ್ದವರು ಅಲ್ಲಿನವರೇ ಆದ ವಿಜ್ಞಾನಿಗಳು.

ಅವರಲ್ಲಿ ಒಬ್ಬರ ಹೆಸರನ್ನು ಹೇಳಲೇಬೇಕು. ಡಾ. ಒಗೊಬಾರಾ ಡೂಂಬೊ. 1956ರಲ್ಲಿ ಜನಿಸಿದ ಅವರು ಡೋಗೊನ್ ಸಮುದಾಯದವರು, ನಾಟಿ ವೈದ್ಯರ ವಂಶಸ್ಥರು. ಬಮಾಕೊದಲ್ಲಿ ಮಲೇರಿಯಾ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ ಬೆಳೆಸಿದರು; 2018ರಲ್ಲಿ ತೀರಿಕೊಂಡರು. ಮಾಲಿಯ ಹಳ್ಳಿಯಲ್ಲಿ ಹೇಗೆ ಅನುಮತಿ ಪಡೆಯಬೇಕೆಂದು ಅವರೂ ಅವರ ಸಂಗಡಿಗರೂ 2005ರಲ್ಲಿ ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಆರು ಹಂತಗಳಾಗಿ ಬರೆದಿಟ್ಟರು. ಮೊದಲು ಆ ಊರನ್ನು ಅರಿಯುವುದು: ಅಲ್ಲಿ ಯಾರ ಮಾತಿಗೆ ಬೆಲೆ ಇದೆ, ನಿರ್ಧಾರ ಹೇಗಾಗುತ್ತದೆ ಎಂಬುದನ್ನು ತಿಳಿಯುವುದು. ಎರಡನೆಯದು ಮುಖಂಡರನ್ನು ಕಂಡು ಪರಿಚಯ ಹೇಳಿಕೊಳ್ಳುವುದು. ಮೂರನೆಯದು ವಿಧಿವತ್ತಾದ ಸಭೆ ನಡೆಸಿ ಸಂಶೋಧನೆಯ ವಿವರ ಇಡುವುದು. ನಾಲ್ಕನೆಯದು ಮುಖಂಡರನ್ನು ಒಬ್ಬೊಬ್ಬರಾಗಿ ಕಾಣುವುದು, ಏಕೆಂದರೆ ಸಭೆಯಲ್ಲಿ ಕೇಳಲಾಗದ ಪ್ರಶ್ನೆಯನ್ನು ಹಿರಿಯರು ಮನೆಯಲ್ಲಿ ಕೇಳಬಲ್ಲರು. ಐದನೆಯದು ನಾಟಿ ವೈದ್ಯರನ್ನು ಕಾಣುವುದು. ಅವರನ್ನು ಕಡೆಗಣಿಸಿದರೆ ಊರೇ ದೂರವಾಗುತ್ತದೆ. ಆರನೆಯದು, ಅನುಮತಿ ಎಂಬುದು ಒಂದು ದಿನ ಹಾಕಿಸಿಕೊಂಡು ಕಡತದಲ್ಲಿಡುವ ಸಹಿಯಲ್ಲ, ಸಂಶೋಧನೆ ಮುಗಿಯುವವರೆಗೂ ಮತ್ತೆ ಮತ್ತೆ ಪಡೆಯಬೇಕಾದದ್ದು ಎಂದು ಅರಿಯುವುದು.

ಇಷ್ಟಾದ ಮೇಲೂ ಕೆಲಸ ಮುಗಿಯುವುದಿಲ್ಲ. ಊರು ‘ಆಗಲಿ’ ಎಂದರೆ ಸಂಶೋಧಕನಿಗೆ ಸಿಗುವುದು ಮನೆಬಾಗಿಲಿಗೆ ಹೋಗಿ ಕೇಳುವ ಅವಕಾಶ ಮಾತ್ರ. ಆಮೇಲೆ ಪ್ರತಿಯೊಬ್ಬ ಪೋಷಕರಿಗೂ ಅವರ ಭಾಷೆಯಲ್ಲಿ ವಿವರಿಸಬೇಕು. ಓದುಬರಹ ಬಾರದವರಾದರೆ, ಸಂಶೋಧಕರ ಕಡೆಯವನಲ್ಲದ ಒಬ್ಬ ಸಾಕ್ಷಿಯ ಮುಂದೆ ಓದಿ ಹೇಳಿ ಹೆಬ್ಬೆಟ್ಟು ಪಡೆಯಬೇಕು.

ಫಲ ಏನಾಯಿತು? 2010ರ ಡಿಸೆಂಬರ್ 6ರಂದು ಬುರ್ಕಿನಾ ಫಾಸೊದಲ್ಲಿ ಲಸಿಕಾ ಅಭಿಯಾನಕ್ಕೆ ಚಾಲನೆ ದೊರೆಯಿತು. ಮುಂದಿನ ಹತ್ತು ವರ್ಷಗಳಲ್ಲಿ ಮೆನಿಂಜೈಟಿಸ್ ಪಟ್ಟಿಯ ದೇಶಗಳಲ್ಲಿ 30 ಕೋಟಿಗೂ ಹೆಚ್ಚು ಜನ ಅದನ್ನು ಪಡೆದರು. ಆ ದೊಡ್ಡ ಪಿಡುಗುಗಳಿಗೆ ಕಾರಣವಾಗಿದ್ದ ‘ಎ’ ಜಾತಿಯ ಮೆನಿಂಜೈಟಿಸ್ ಆ ಪಟ್ಟಿಯಿಂದ ಹೆಚ್ಚುಕಡಿಮೆ ಮಾಯವಾಗಿದೆ. ಲಸಿಕೆ ಒಳ್ಳೆಯದಿತ್ತು, ನಿಜ. ಆದರೆ ಪೋಲಿಯೋ ಹನಿಯೂ ಒಳ್ಳೆಯದೇ ಆಗಿತ್ತಲ್ಲವೇ? ಒಳ್ಳೆಯ ಲಸಿಕೆ ಇದ್ದರಷ್ಟೇ ಸಾಲದು, ಅದಕ್ಕೆ ತೋಳು ಚಾಚುವ ಜನ ಬೇಕು.

ಸಮುದಾಯದ ಜೊತೆ ಬೆರೆಯುವುದೆಂದರೆ ದಿನದಿನದ ಕೆಲಸ ಎಂಬುದನ್ನು ನೋಡಲು ಖಂಡದ ಪೂರ್ವ ತೀರಕ್ಕೆ, ಕೆನ್ಯಾದ ಕಿಲಿಫಿ ಎಂಬ ಊರಿಗೆ ಹೋಗೋಣ. 1989ರಿಂದ ಅಲ್ಲಿ ಕೆನ್ಯಾ ವೈದ್ಯಕೀಯ ಸಂಶೋಧನಾ ಸಂಸ್ಥೆ ಹೊರದೇಶದ ವಿಜ್ಞಾನಿಗಳ ಜೊತೆಗೂಡಿ ಕೆಲಸ ಮಾಡುತ್ತಿದೆ. ಮಲೇರಿಯಾ ಸಂಶೋಧನೆಗೆ ರಕ್ತ ತೆಗೆಯಲೇಬೇಕು. ಸುತ್ತಲಿನ ಹಳ್ಳಿಗಳಲ್ಲಿ ಆ ರಕ್ತ ಎಲ್ಲಿಗೆ ಹೋಗುತ್ತದೆ ಎಂಬ ಗುಸುಗುಸು ಹುಟ್ಟಿತು. ಮಾರುತ್ತಾರೆ ಎಂದರು ಕೆಲವರು, ಸೈತಾನನ ಪೂಜೆಗೆ ಎಂದರು ಇನ್ನು ಕೆಲವರು. ಸಂಶೋಧಕರು ಸಿಟ್ಟಾಗಲಿಲ್ಲ. ಆಯಾ ಊರಿನವರೇ ಆರಿಸಿದ ಪ್ರತಿನಿಧಿಗಳ ಜಾಲವನ್ನು ಕಟ್ಟಿ, ಪ್ರಯೋಗ ಆರಂಭಿಸುವ ಮೊದಲೇ ಅವರ ಮುಂದೆ ವಿವರ ಇಡುವ ರೂಢಿ ತಂದರು. ಮಿಲಿಲೀಟರ್ ಎಂದರೆ ಯಾರಿಗೆ ಗೊತ್ತು? ಇಷ್ಟು ಟೀ ಚಮಚ ರಕ್ತ ಎಂದು ಹೇಳತೊಡಗಿದರು. ಶಾಲಾ ಮಕ್ಕಳನ್ನು ಕರೆದು ಪ್ರಯೋಗಾಲಯವನ್ನು ತೋರಿಸಿದರು.

ಇನ್ನೊಂದು ತಪ್ಪು ತಿಳಿವಳಿಕೆಯೂ ಅಲ್ಲಿ ಕಂಡಿತು. ಸಂಶೋಧನೆಗೆ ಸೇರಿದರೆ ಒಳ್ಳೆಯ ಚಿಕಿತ್ಸೆ ಸಿಗುತ್ತದೆಂದು ನಂಬಿ ಅನೇಕರು ಒಪ್ಪುತ್ತಿದ್ದರು. ಒಪ್ಪಿಗೆ ಸಿಕ್ಕಿತಲ್ಲ ಎಂದು ಸುಮ್ಮನಿರಬಹುದಿತ್ತು. ಆದರೆ ಚಿಕಿತ್ಸೆ ಬೇರೆ, ಸಂಶೋಧನೆ ಬೇರೆ ಎಂದು ಅರ್ಥವಾಗದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಅಲ್ಲಿನ ಸಂಶೋಧಕಿ ಡೋರ್ಕಾಸ್ ಕಮುಯಾ ಮತ್ತು ಸಂಗಡಿಗರು ಇನ್ನೂ ಸೂಕ್ಷ್ಮವಾದ ಒಂದು ಸಂಗತಿಯನ್ನು ಬರೆದಿದ್ದಾರೆ. ಅದಕ್ಕೆ ‘ಮೌನ ನಿರಾಕರಣೆ’ ಎನ್ನಬಹುದು. ಬಾಯಿಬಿಟ್ಟು ‘ಬೇಡ’ ಎನ್ನಲು ಸಂಕೋಚ; ಆದ್ದರಿಂದ ತಂಡ ಬರುವ ಹೊತ್ತಿಗೆ ಹೊಲಕ್ಕೆ ಹೋಗುವುದು, ಮಗು ಮಲಗಿದೆ ಎನ್ನುವುದು, ನಾಳೆ ಬನ್ನಿ ಎನ್ನುವುದು. ನಮ್ಮ ಮನೆಗಳಲ್ಲೂ ‘ನೋಡೋಣ’ ಎಂದರೆ ಎಷ್ಟೋ ಸಲ ‘ಆಗುವುದಿಲ್ಲ’ ಎಂದೇ ಅರ್ಥವಲ್ಲವೇ? ಆ ‘ನೋಡೋಣ’ವನ್ನು ಒಪ್ಪಿಗೆ ಎಂದು ಬರೆದುಕೊಳ್ಳದಿರುವುದೇ ಪ್ರಾಮಾಣಿಕ ಸಂಶೋಧಕನ ಲಕ್ಷಣ.

ಇನ್ನೊಂದು ಉದಾಹರಣೆಗಾಗಿ ಮತ್ತೆ ಪಶ್ಚಿಮ ಆಫ್ರಿಕಾಕ್ಕೆ ಬರೋಣ. ಗಿನಿ ದೇಶದಲ್ಲಿ 2013ರ ಕೊನೆಯಲ್ಲಿ ಆರಂಭವಾದ ಎಬೋಲಾ ರೋಗ ಲೈಬೀರಿಯ, ಸಿಯೆರಾ ಲಿಯೋನ್‌ಗಳಿಗೂ ಹಬ್ಬಿ 11,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಎಬೋಲಾದಿಂದ ಸತ್ತವರ ಶರೀರದಲ್ಲೂ ವೈರಾಣು ಇರುತ್ತದೆ. ಮಯ್ಯಿತ್ತಿಗೆ ಸ್ನಾನ ಮಾಡಿಸುವುದು ನಮ್ಮಲ್ಲಿ ಸತ್ತವರಿಗೆ ಸಲ್ಲಬೇಕಾದ ಹಕ್ಕು. ಗಿನಿಯ ಬಹುಪಾಲು ಜನ ಮುಸ್ಲಿಮರು. ಆ ಸ್ನಾನದಿಂದಲೇ ರೋಗ ಹರಡುತ್ತಿತ್ತು. ಮೈಯೆಲ್ಲ ಮುಚ್ಚಿಕೊಂಡ ಅಪರಿಚಿತರು ವಾಹನದಲ್ಲಿ ಬಂದು, ಶರೀರವನ್ನು ಚೀಲದಲ್ಲಿ ಕಟ್ಟಿ ಒಯ್ದರೆ ಮನೆಯವರಿಗೆ ಏನನ್ನಿಸಬೇಕು? ಜನ ರೋಗಿಗಳನ್ನು ಬಚ್ಚಿಟ್ಟರು, ಮಯ್ಯಿತ್‌ಗಳನ್ನು ರಾತ್ರೋರಾತ್ರಿ ದಫನ್ ಮಾಡಿದರು. 2014ರ ಸೆಪ್ಟೆಂಬರ್‌ನಲ್ಲಿ ಗಿನಿಯ ವೋಮೆ ಎಂಬ ಹಳ್ಳಿಗೆ ತಿಳಿವಳಿಕೆ ನೀಡಲು ಹೋದ ತಂಡದ ಎಂಟು ಮಂದಿಯನ್ನು ಊರವರೇ ಕೊಂದುಹಾಕಿದರು. ಭಯ ಮತ್ತು ಅಪನಂಬಿಕೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಇದು ದುಃಖದ ಉದಾಹರಣೆ.

ಆ ವರ್ಷದ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಧಾರ್ಮಿಕ ಸಂಸ್ಥೆಗಳ ಸಲಹೆ ಪಡೆದು ಸುರಕ್ಷಿತವೂ ಗೌರವಯುತವೂ ಆದ ಅಂತ್ಯಸಂಸ್ಕಾರದ ಹೊಸ ನಿಯಮಗಳನ್ನು ಹೊರಡಿಸಿತು. ನೀರಿನ ಸ್ನಾನದ ಬದಲು ತಯಮ್ಮುಮ್, ಕಫನ್, ಕುಟುಂಬದವರು ದೂರ ನಿಂತು ಸಲ್ಲಿಸುವ ಪ್ರಾರ್ಥನೆ, ಎಲ್ಲಕ್ಕೂ ಮೊದಲು ಮನೆಯವರ ಜೊತೆ ಮಾತು. ವೈದ್ಯಕೀಯ ನಿಯಮ ಒಂದಿಷ್ಟೂ ಸಡಿಲವಾಗಲಿಲ್ಲ, ಆದರೆ ಸತ್ತವರ ಗೌರವ ಉಳಿಯಿತು. ಇಂಥ ದಾರಿ ನಮ್ಮ ಶಾಸ್ತ್ರದಲ್ಲೇ ಇತ್ತು. ಕೇಳುವವರು ಬೇಕಾಗಿತ್ತು, ಹೇಳುವ ವಿದ್ವಾಂಸರೂ ಬೇಕಾಗಿತ್ತು.

ಈ ವಿಶ್ವಾಸ ಸ್ವಲ್ಪವಾದರೂ ಮರಳಿದ್ದರಿಂದಲೇ ಮುಂದಿನ ಸಂಶೋಧನೆ ಸಾಧ್ಯವಾಯಿತು. 2015ರ ಮಾರ್ಚ್‌ನಲ್ಲಿ ಗಿನಿಯಲ್ಲಿ ಎಬೋಲಾ ಲಸಿಕೆಯ ಪ್ರಯೋಗ ಶುರುವಾಯಿತು. ಅದರ ವಿಧಾನ ಹೀಗೆ: ಒಬ್ಬ ರೋಗಿ ಕಂಡ ಕೂಡಲೇ ಅವನ ಸಂಪರ್ಕಕ್ಕೆ ಬಂದವರು, ಅವರ ಸಂಪರ್ಕದಲ್ಲಿರುವವರು, ಹೀಗೆ ಸುತ್ತಲೂ ಉಂಗುರದಂತೆ ಗುರುತಿಸಿ ಲಸಿಕೆ ಕೊಡುವುದು. ಕೆಲವು ಉಂಗುರಗಳಿಗೆ ತಕ್ಷಣ, ಕೆಲವಕ್ಕೆ 21 ದಿನಗಳ ನಂತರ. ಯಾರಿಗೂ ಹುಸಿ ಚುಚ್ಚುಮದ್ದು ಕೊಡಲಿಲ್ಲ. ಈಗ ಯೋಚಿಸಿ, ‘ನಿನ್ನೆ ನಿಮ್ಮ ಮನೆಗೆ ಯಾರು ಬಂದಿದ್ದರು? ಸತ್ತವರನ್ನು ಯಾರು ಮುಟ್ಟಿದರು?’ ಎಂಬ ಪ್ರಶ್ನೆಗೆ ಜನ ನಿಜ ಹೇಳದಿದ್ದರೆ ಆ ಉಂಗುರವನ್ನು ಎಳೆಯುವುದು ಹೇಗೆ? ಇಲ್ಲಿ ಜನರ ವಿಶ್ವಾಸವೇ ವಿಜ್ಞಾನದ ಸಲಕರಣೆ. ಆ ಪ್ರಯೋಗದಲ್ಲಿ 5,837 ಮಂದಿ ಲಸಿಕೆ ಪಡೆದರು. ಲಸಿಕೆ ಪಡೆದು ಹತ್ತು ದಿನ ಕಳೆದ ಮೇಲೆ ಅವರಲ್ಲಿ ಒಬ್ಬರಿಗೂ ಎಬೋಲಾ ಬರಲಿಲ್ಲ. 2019ರಲ್ಲಿ ಆ ಲಸಿಕೆಗೆ ಮಾನ್ಯತೆ ದೊರೆಯಿತು.

ಆತ್ಮೀಯರೇ, ಇಷ್ಟು ಹೇಳಿದ ಮೇಲೆ ಮೂರು ಎಚ್ಚರಿಕೆಯ ಮಾತುಗಳನ್ನೂ ಹೇಳಬೇಕು. ‘ಸಮುದಾಯದ ಸಹಭಾಗಿತ್ವ’ ಎಂಬುದು ಇಂದು ಎಲ್ಲ ಯೋಜನೆಗಳಲ್ಲೂ ಕಾಣುವ ಮಾತಾಗಿದೆ. ಮಾತು ಹೆಚ್ಚಾದಾಗ ಅರ್ಥ ಸವೆಯುವ ಅಪಾಯವಿದೆ.

ಮೊದಲನೆಯದು, ಮುಖಂಡರ ಒಪ್ಪಿಗೆ ಎಲ್ಲರ ಒಪ್ಪಿಗೆಯಲ್ಲ. ಊರ ಹಿರಿಯರು, ಜಮಾಅತಿನ ಅಧ್ಯಕ್ಷರು, ಮನೆಯ ಯಜಮಾನರು ‘ಹೂಂ’ ಎಂದ ಮೇಲೆ ಹೆಣ್ಣುಮಗಳನ್ನು ಕೇಳುವವರೇ ಇಲ್ಲದಂತಾಗಬಾರದು. ಸೂಜಿ ಚುಚ್ಚುವುದು ಅವಳ ತೋಳಿಗೆ, ಜ್ವರ ಬಂದ ಮಗುವಿನ ಜೊತೆ ರಾತ್ರಿಯಿಡೀ ಎಚ್ಚರವಿರುವವಳು ಅವಳು. ಅವಳು ‘ಇಲ್ಲ’ ಎಂದರೆ ಹಿರಿಯರ ‘ಹೂಂ’ ಅಲ್ಲಿಗೆ ನಿಲ್ಲಬೇಕು.

ಎರಡನೆಯದು, ಜನರನ್ನು ಕೇಳುವುದು ಬೇರೆ, ಒಪ್ಪಿಸುವುದು ಬೇರೆ. ಎಲ್ಲವನ್ನೂ ತೀರ್ಮಾನಿಸಿಕೊಂಡು ಬಂದು, ಚಹಾ ಬಿಸ್ಕತ್ತು ಕೊಟ್ಟು ಸಭೆ ಮಾಡಿದರೆ ಅದು ಪ್ರಚಾರ. ಜನ ಹೇಳಿದ್ದರಿಂದ ಯೋಜನೆಯಲ್ಲಿ ಏನಾದರೂ ಬದಲಾಯಿತೇ, ಬೇಡವೆಂದವರಿಗೆ ತೊಂದರೆಯಾಗಲಿಲ್ಲವೇ ಎಂದು ನೋಡಬೇಕು. ದಕ್ಷಿಣ ಆಫ್ರಿಕಾದ ಸ್ಯಾನ್ ಬುಡಕಟ್ಟಿನವರು ತಮ್ಮ ಮೇಲೆ ನಡೆದ ಸಂಶೋಧನೆಗಳಿಂದ ಬೇಸತ್ತು, 2017ರಲ್ಲಿ ತಮ್ಮದೇ ಆದ ನೀತಿಸಂಹಿತೆಯನ್ನು ಪ್ರಕಟಿಸಿದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಮತ್ತು ಸರಿಯಾದ ಕ್ರಮ, ಈ ಐದನ್ನು ಒಪ್ಪುವವರು ಬನ್ನಿ ಎಂದರು. ಸಂಶೋಧಕನಿಗೆ ಷರತ್ತು ಹಾಕುವ ಹಕ್ಕು ಸಂಶೋಧನೆಗೆ ಒಳಗಾಗುವವರಿಗೂ ಇದೆ ಎಂದು ಅವರು ತೋರಿಸಿಕೊಟ್ಟರು.

ಮೂರನೆಯದು, ಪಡೆದುಕೊಂಡವರು ಹಿಂತಿರುಗಿ ಬಂದು ಹೇಳಬೇಕು. ರಕ್ತ ಕೊಟ್ಟವರಿಗೆ ಫಲಿತಾಂಶ ಏನೆಂದು ತಿಳಿಯಬೇಕು. ಅವರಿಂದ ಸಾಬೀತಾದ ಔಷಧ ಅವರಿಗೇ ಎಟುಕುವಂತಿರಬೇಕು. ಅರ್ಧ ಡಾಲರಿನ ಷರತ್ತು ಮುಖ್ಯವಾದದ್ದು ಇದೇ ಕಾರಣಕ್ಕೆ.

ಇವು ದೂರದ ಮಾತುಗಳೇನಲ್ಲ. ನಮ್ಮ ದೇಶದ ಪಶ್ಚಿಮ ಉತ್ತರ ಪ್ರದೇಶದಲ್ಲೂ ಪೋಲಿಯೋ ಹನಿಯ ಬಗ್ಗೆ ಮುಸ್ಲಿಂ ಮೊಹಲ್ಲಾಗಳಲ್ಲಿ ಕಾನೋದಂಥದೇ ಸಂಶಯವಿತ್ತು. ಅಲ್ಲಿ ಇಮಾಮರು, ಊರಿನ ಹೆಣ್ಣುಮಕ್ಕಳು, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ ಮತ್ತು ಜಾಮಿಯಾ ಮಿಲ್ಲಿಯಾದಂಥ ವಿದ್ಯಾಸಂಸ್ಥೆಗಳು ಕೈಜೋಡಿಸಿದವು. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ಒಂದು ವಿದ್ಯಾಸಂಘ ಏನು ಮಾಡಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸಂಘದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು. ನಾಳೆ ಯಾರಾದರೂ ನಿಮ್ಮ ಊರಿಗೆ, ನಿಮ್ಮ ಮದ್ರಸಕ್ಕೆ ಆರೋಗ್ಯ ಸಂಶೋಧನೆಗಾಗಿ ಬಂದರೆ ಕಣ್ಣುಮುಚ್ಚಿ ಒಪ್ಪಬೇಡಿ, ಕಣ್ಣುಮುಚ್ಚಿ ಅಟ್ಟಲೂಬೇಡಿ. ಕೂರಿಸಿ ಕೇಳಿ. ಇದು ಚಿಕಿತ್ಸೆಯೋ ಪ್ರಯೋಗವೋ? ನೀತಿ ಸಮಿತಿಯ ಅನುಮತಿ ಇದೆಯೇ? ತೊಂದರೆಯಾದರೆ ಯಾರು ಹೊಣೆ? ನಡುವೆ ಬಿಡಬಹುದೇ? ಫಲಿತಾಂಶ ನಮಗೆ ತಿಳಿಸುತ್ತೀರಾ? ಪ್ರಾಮಾಣಿಕ ಸಂಶೋಧಕ ಈ ಪ್ರಶ್ನೆಗಳಿಗೆ ಸಂತೋಷಪಡುತ್ತಾನೆ. ಸಿಡಿಮಿಡಿಗೊಳ್ಳುವವನನ್ನು ಹಿಂದಕ್ಕೆ ಕಳಿಸಿ.

ವಿದ್ಯಾರ್ಥಿಗಳೇ, ನಿಮಗೆ ಹೇಳುವುದಿಷ್ಟೇ. ಅಂಕ ಗಳಿಸಿ, ದೊಡ್ಡ ಕಾಲೇಜು ಸೇರಿ, ವಿದೇಶಕ್ಕೂ ಹೋಗಿ. ಆದರೆ ನಿಮ್ಮ ಅಜ್ಜಿಗೆ ಅರ್ಥವಾಗುವ ಮಾತಿನಲ್ಲಿ ಒಂದು ಲಸಿಕೆಯ ಬಗ್ಗೆ ವಿವರಿಸಲು ಬಾರದಿದ್ದರೆ ನಿಮ್ಮ ಓದು ಅರ್ಧವೇ. ಬ್ಯಾರಿ, ಉರ್ದು, ನವಾಯತಿ, ಕನ್ನಡ, ತುಳು, ಮನೆಯಲ್ಲಿ ಆಡುವ ಮಾತು ಯಾವುದೇ ಇರಲಿ, ಅದು ನಿಮ್ಮ ಕೈಯಲ್ಲಿರುವ ವೈದ್ಯಕೀಯ ಸಾಧನ. ಅದನ್ನು ಮರೆಯಬೇಡಿ.

ಕೊನೆಯದಾಗಿ ಒಂದು ಸುದ್ದಿ. ಐದು ಬಗೆಯ ಮೆನಿಂಜೈಟಿಸ್ ತಡೆಯುವ ಹೊಸ ಲಸಿಕೆಯೊಂದು ಈಗ ಬಂದಿದೆ. ಇದನ್ನೂ ತಯಾರಿಸಿದ್ದು ಪುಣೆಯ ಅದೇ ಸಂಸ್ಥೆ. ಮಾಲಿ ಮತ್ತು ಗ್ಯಾಂಬಿಯಾದ ಜನ ಈ ಬಾರಿಯೂ ಪ್ರಯೋಗಕ್ಕೆ ತೋಳು ಕೊಟ್ಟರು. ಅದನ್ನು ಜಗತ್ತಿನಲ್ಲೇ ಮೊದಲು ತನ್ನ ಜನರಿಗೆ ಕೊಡಲು ಆರಂಭಿಸಿದ ದೇಶ ಯಾವುದು ಗೊತ್ತೇ? ನೈಜೀರಿಯ. 2024ರಲ್ಲಿ. ಕಾನೋ ನಗರ ಇರುವ ಅದೇ ನೈಜೀರಿಯ. ಮುರಿದ ವಿಶ್ವಾಸವನ್ನು ಕಟ್ಟಲು ಇಪ್ಪತ್ತೆಂಟು ವರ್ಷ ಹಿಡಿಯಿತು. ನೀವು ಸಂಶೋಧಕರಾದಾಗ ಅದನ್ನು ಮುರಿಯದವರಾಗಿ ಎಂದು ಹಾರೈಸುತ್ತೇನೆ.